ದಫ್ತರ ಹೋದರೂ ದಾಖಲೆ ಉಳಿಯಬೇಕಾದರೆ

"ಸರ್ವರ್ ಇಲ್ರೀ, ನಾಳೆ ಬರ್ರಿ." ಪಹಣಿಗೋ ಪಿಂಚಣಿಗೋ ಕಿಟಕಿಯ ಮುಂದೆ ಸರದಿಯಲ್ಲಿ ನಿಂತ ಯಾರೇ ಆಗಲಿ, ಈ ಮಾತನ್ನು ಒಮ್ಮೆಯಾದರೂ ಕೇಳಿಯೇ ಇರುತ್ತೀರಿ. ಬಿಸಿಲಿನಲ್ಲಿ ಬಸ್ಸು ಹಿಡಿದು ಬಂದವರಿಗೆ ಸಿಟ್ಟು ಬರುವುದು ಸಹಜ. ಆದರೆ ಓದುಗರೇ, ಆ ಮಾತಿನಲ್ಲಿ ಒಂದು ಭರವಸೆಯೂ ಅಡಗಿದೆ. ಯಂತ್ರ ಇಂದು ಉತ್ತರ ಕೊಡುತ್ತಿಲ್ಲ, ನಾಳೆ ಕೊಡುತ್ತದೆ ಎಂದು ಅದರ ಅರ್ಥ. ಕಿಟಕಿಯ ಆಚೆ ಕುಳಿತವರು ಒಂದು ದಿನ "ನಿಮ್ಮ ಸರ್ವೆ ನಂಬರ್ ಕಾಣ್ತಾ ಇಲ್ರೀ, ಎಲ್ಲ ಅಳಿಸಿ ಹೋಗ್ಯಾವು" ಎಂದರೆ? ಯಂತ್ರ ನಿಲ್ಲುವುದು ಒಂದು ತೊಂದರೆ. ದಾಖಲೆ ಇಲ್ಲವಾಗುವುದು ಬೇರೆಯೇ ತೊಂದರೆ. ಈ ಲೇಖನ ಎರಡನೆಯದನ್ನು ಕುರಿತದ್ದು.

ಪಹಣಿ ಇಲ್ಲದೆ ಬೆಳೆ ಸಾಲವಿಲ್ಲ, ಬೆಳೆ ವಿಮೆಯಿಲ್ಲ, ಬರ ಪರಿಹಾರವಿಲ್ಲ. ಗಂಗಾವತಿಯ ಎಡದಂಡೆ ಕಾಲುವೆಯ ಕೆಳಗೆ ಭತ್ತ ನಾಟಿ ಮಾಡುವವರಿಗೂ, ಯಲಬುರ್ಗಾದ ಎರೆ ಹೊಲದಲ್ಲಿ ಕಡಲೆ ಬಿತ್ತುವವರಿಗೂ ಆ ಒಂದು ಹಾಳೆಯೇ ಆಧಾರ. ಹಿಂದೆ ಅದು ಕೈಬರಹದಲ್ಲಿ, ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟ ದಫ್ತರದಲ್ಲಿ ಇರುತ್ತಿತ್ತು. ಒಂದು ಊರಿನ ದಫ್ತರ ಆ ಊರಿನ ಲೆಕ್ಕಿಗರ ಬಳಿ. ಗೆದ್ದಲು ಹಿಡಿದರೆ, ಮಳೆ ನೀರು ನುಗ್ಗಿದರೆ ಒಂದು ಊರಿನ ಲೆಕ್ಕ ಕೆಡುತ್ತಿತ್ತು, ಪಕ್ಕದ ಊರಿನದು ಉಳಿಯುತ್ತಿತ್ತು. ಈ ಕಾಲದಲ್ಲಿ ಅದು ತಿರುವುಮುರುವು. ಕೆಟ್ಟರೆ ಸಾವಿರಾರು ಊರುಗಳದು ಒಂದೇ ಏಟಿಗೆ ಕೆಡಬಹುದು; ಸರಿಯಾಗಿ ಕಾಪಾಡಿದರೆ ಒಂದೂ ಕೆಡುವುದಿಲ್ಲ.

ನಾಲ್ಕು ತಾಲ್ಲೂಕು, ನಾಲ್ಕು ಯಂತ್ರ

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾಯಿತು. ಆಗ ಅದರಲ್ಲಿ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕುಗಳು. ಕೆಲವೇ ವರ್ಷಗಳಲ್ಲಿ ರಾಜ್ಯ ಸರ್ಕಾರದ 'ಭೂಮಿ' ಯೋಜನೆ ಬಂತು. ರಾಷ್ಟ್ರೀಯ ಮಾಹಿತಿ ಕೇಂದ್ರದವರು ತಂತ್ರಾಂಶ ಸಿದ್ಧಪಡಿಸಿದರು. ರಾಜ್ಯದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವ ಕಾಲ ಬಂತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಲಾಯಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಆ ಮೊದಲ ದಿನಗಳಲ್ಲಿ ಎಲ್ಲ ದಾಖಲೆಯೂ ಬೆಂಗಳೂರಿನ ಒಂದು ಯಂತ್ರದಲ್ಲಿ ಇರಲಿಲ್ಲ. ತಾಲ್ಲೂಕಿಗೊಂದು ಯಂತ್ರ, ಆ ತಾಲ್ಲೂಕಿನ ಲೆಕ್ಕ ಆ ಯಂತ್ರದಲ್ಲಿ. ಮುಂದೆ ತಾಲ್ಲೂಕುಗಳನ್ನು ಜಾಲದ ಮೂಲಕ ರಾಜ್ಯ ದತ್ತಾಂಶ ಕೇಂದ್ರಕ್ಕೆ ಜೋಡಿಸಲಾಯಿತು. ಉಪನೋಂದಣಿ ಕಚೇರಿಗಳಲ್ಲಿ 'ಕಾವೇರಿ' ತಂತ್ರಾಂಶ ಬಂತು. ಅಲ್ಲಿ ಕ್ರಯಪತ್ರ ನೋಂದಣಿಯಾದರೆ ಅದರ ವಿವರ ಜೆ ಸ್ಲಿಪ್ ಎಂಬ ಹೆಸರಿನಲ್ಲಿ 'ಭೂಮಿ'ಗೆ ಹೋಗಿ ಖಾತೆ ಬದಲಾವಣೆ ಆರಂಭವಾಗುವ ವ್ಯವಸ್ಥೆಯೂ ಆಯಿತು. ಒಂದು ಹೊಲದ ಕಥೆ ಈಗ ಒಂದು ಪುಸ್ತಕದಲ್ಲಿಲ್ಲ. ಬೇರೆ ಬೇರೆ ಯಂತ್ರಗಳಲ್ಲಿ ಹಂಚಿಕೊಂಡಿದೆ. ಅವು ಪರಸ್ಪರ ಒಪ್ಪುತ್ತಿರಬೇಕು.

ದಾಖಲೆಯನ್ನು ಹಲವು ಕಡೆ ಇಡುವ ಬುದ್ಧಿ ಈ ನಾಡಿಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡು ಬೆಟ್ಟದಲ್ಲೊಂದು ಅಶೋಕನ ಶಾಸನಗಳಿವೆ. ಎರಡರಲ್ಲೂ ಇರುವುದು ಒಂದೇ ಒಕ್ಕಣೆ. ಪಾಲ್ಕಿಗುಂಡಿನದು ಬಹಳ ಸವೆದಿದೆ, ಗವಿಮಠದ್ದು ಚೆನ್ನಾಗಿ ಉಳಿದಿದೆ. ಸವೆದ ಅಕ್ಷರಗಳನ್ನು ವಿದ್ವಾಂಸರು ಇನ್ನೊಂದು ಪ್ರತಿಯ ಸಹಾಯದಿಂದ ಓದಿಕೊಳ್ಳುತ್ತಾರೆ. ಬಂಡೆಗೆ ಒಂದು ಅನುಕೂಲವಿದೆ ಎಂಬುದನ್ನೂ ಹೇಳಬೇಕು. ಗವಿಮಠದಲ್ಲಿ ಯಾರೋ ತಪ್ಪಾಗಿ ಒಂದು ಸಾಲು ಅಳಿಸಿದರೆ ಪಾಲ್ಕಿಗುಂಡಿನಲ್ಲಿ ಅದು ತಾನಾಗಿ ಅಳಿಯುವುದಿಲ್ಲ. ಗಣಕಯಂತ್ರದಲ್ಲಿ ಅಳಿಯುತ್ತದೆ.

ಹಂಚಿಟ್ಟ ಲೆಕ್ಕ ಎಂದರೇನು?

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಪಾಠಕ್ಕಾಗಿ ಮಾಡಿಕೊಂಡ ಕಲ್ಪನೆ. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಸೇರಿದ ಒಂದು ಸಹಕಾರಿ ಬ್ಯಾಂಕು ಇದೆ. ಊರಿಗೊಂದರಂತೆ ನಾಲ್ಕು ಯಂತ್ರಗಳು. ಖಾತೆಗಳನ್ನು ತಾಲ್ಲೂಕುವಾರು ತುಂಡು ಮಾಡಿ ಹಂಚಿದ್ದಾರೆ. ಕುಷ್ಟಗಿಯ ತುಂಡಿನ ಒಂದು ಪ್ರತಿ ಕುಷ್ಟಗಿಯ ಯಂತ್ರದಲ್ಲಿ, ಇನ್ನೊಂದು ಕೊಪ್ಪಳದಲ್ಲಿ, ಮೂರನೆಯದು ಗಂಗಾವತಿಯಲ್ಲಿ. ಹೀಗೆಯೇ ಪ್ರತಿಯೊಂದು ತುಂಡಿಗೂ ಮೂರು ಪ್ರತಿಗಳು. ಹೊಸ ಜಮೆ ಬಂದರೆ ಮೂರರಲ್ಲಿ ಕನಿಷ್ಠ ಎರಡು ಯಂತ್ರಗಳು "ಬರೆದುಕೊಂಡೆ" ಎಂದ ಮೇಲೆಯೇ ರಸೀದಿ. ಪಂಚಾಯಿತಿಯ ಕೋರಂ ಇದ್ದ ಹಾಗೆ, ಬಹುಮತವಿಲ್ಲದೆ ನಡಾವಳಿ ಇಲ್ಲ. ಹೀಗೆ ಒಟ್ಟಾಗಿ ದುಡಿಯುವ ಯಂತ್ರಗಳ ಗುಂಪಿಗೆ ಕ್ಲಸ್ಟರ್ ಎನ್ನುತ್ತಾರೆ.

ಕುಷ್ಟಗಿಯಲ್ಲಿ ಕರೆಂಟು ಹೋಯಿತು ಎನ್ನಿ. ಉಳಿದೆರಡು ಪ್ರತಿಗಳಿಂದ ಕೆಲಸ ನಡೆಯುತ್ತದೆ. ಕರೆಂಟು ಬಂದ ಮೇಲೆ ಕುಷ್ಟಗಿಯ ಯಂತ್ರ ತಾನು ಕಳೆದುಕೊಂಡ ನಮೂದುಗಳನ್ನು ಕೇಳಿ ಬರೆದುಕೊಳ್ಳುತ್ತದೆ. ಗಿರಾಕಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಕ್ಲೌಡ್ ಎಂಬ ಮಾತು. ಕನ್ನಡದಲ್ಲಿ ಮೋಡ ಎಂದರೆ ಎಲ್ಲೋ ಆಕಾಶದಲ್ಲಿ ತೇಲುವ ವಸ್ತು ಎಂಬ ಭಾವನೆ ಬರುತ್ತದೆ. ಹಾಗೇನೂ ಇಲ್ಲ. ಅದು ಬೇರೆಯವರ ಕಟ್ಟಡದಲ್ಲಿ, ಬೇರೆಯವರ ಯಂತ್ರವನ್ನು ಬಾಡಿಗೆಗೆ ಹಿಡಿಯುವ ಪದ್ಧತಿ. ಆ ಕಟ್ಟಡಕ್ಕೆ ಊರಿದೆ, ಬಾಗಿಲಿದೆ, ಕರೆಂಟು ಬಿಲ್ಲಿದೆ. ಅಮೆಜಾನ್ ಸಂಸ್ಥೆ ಇಂಥ ಕೇಂದ್ರಗಳ ಒಂದು ಸಮೂಹವನ್ನು 2016ರಲ್ಲಿ ಮುಂಬೈಯಲ್ಲೂ, 2022ರಲ್ಲಿ ಇನ್ನೊಂದನ್ನು ಹೈದರಾಬಾದಿನಲ್ಲೂ ತೆರೆಯಿತು. ನಮ್ಮ ನಾಲ್ಕು ಯಂತ್ರಗಳೂ ನಾಲ್ಕು ಊರುಗಳಲ್ಲಿ ಇರುವ ಬದಲು ಅಲ್ಲಿ ಇರಬಹುದು. ಲೆಕ್ಕದ ರೀತಿ ಅದೇ.

ಮೂರು ಪ್ರತಿ ಇದ್ದ ಮೇಲೆ ಬ್ಯಾಕಪ್ ಏಕೆ?

ಬಹಳ ಮಂದಿ, ವಿಷಯ ಬಲ್ಲವರೂ ಸಹ, ಎಡವುವುದು ಇಲ್ಲಿಯೇ. ಮೂರು ಪ್ರತಿಗಳು ಇರುವುದು ಯಂತ್ರ ಕೆಟ್ಟಾಗ ಕೆಲಸ ನಿಲ್ಲದಿರಲಿ ಎಂದು. ಮನುಷ್ಯನ ತಪ್ಪಿಗೆ ಅವು ಮದ್ದಲ್ಲ. ಯಾರೋ "ಕುಷ್ಟಗಿಯ ಹಳೆಯ ಖಾತೆಗಳನ್ನು ಅಳಿಸು" ಎಂಬ ಆಜ್ಞೆಯಲ್ಲಿ 'ಹಳೆಯ' ಎಂಬ ಷರತ್ತನ್ನು ಬರೆಯಲು ಮರೆತರೆ, ಮೂರೂ ಯಂತ್ರಗಳು ಬಹುಮತದಿಂದ, ಕ್ರಮಬದ್ಧವಾಗಿ, ಕಣ್ಣು ಮಿಟುಕಿಸುವುದರೊಳಗೆ ಎಲ್ಲ ಖಾತೆಗಳನ್ನೂ ಅಳಿಸುತ್ತವೆ. ಯಂತ್ರದ ಪಾಲಿಗೆ ಅದೂ ಒಂದು ನಡಾವಳಿ.

ಗಿಟ್‌ಲ್ಯಾಬ್ ಎಂಬ ಸಂಸ್ಥೆ ತಂತ್ರಾಂಶ ಬರೆಯುವವರ ಕೆಲಸವನ್ನು ಕಾಯ್ದಿಡುತ್ತದೆ. 2017ರ ಜನವರಿ 31ರ ರಾತ್ರಿ ಅಲ್ಲಿನ ಒಬ್ಬ ಇಂಜಿನಿಯರ್ ಎರಡನೆಯ ಯಂತ್ರದ ಕೆಟ್ಟ ಪ್ರತಿಯನ್ನು ತೆಗೆದುಹಾಕಲು ಹೊರಟು, ಆಜ್ಞೆಯನ್ನು ಮೊದಲನೆಯ ಯಂತ್ರದಲ್ಲಿ ಕೊಟ್ಟುಬಿಟ್ಟರು. ಒಂದೆರಡು ಕ್ಷಣದಲ್ಲಿ ತಪ್ಪು ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ 300 ಗಿಗಾಬೈಟಿನಷ್ಟು ದತ್ತಾಂಶ ಹೋಗಿತ್ತು, ಉಳಿದದ್ದು ಸುಮಾರು ನಾಲ್ಕೂವರೆ. ಸರಿ, ಬ್ಯಾಕಪ್ ತೆಗೆಯಿರಿ ಎಂದರು. ಪ್ರತಿದಿನದ ಬ್ಯಾಕಪ್ ಇರಬೇಕಾದ ಜಾಗ ಬರಿದಾಗಿತ್ತು. ಬ್ಯಾಕಪ್ ತೆಗೆಯುವ ತಂತ್ರಾಂಶದ ಆವೃತ್ತಿಗೂ ಡೇಟಾಬೇಸಿನ ಆವೃತ್ತಿಗೂ ಹೊಂದಿಕೆ ಇಲ್ಲದೆ ಅದು ಸೋಲುತ್ತಾ ಬಂದಿತ್ತು. ಸೋತೆ ಎಂದು ಅದು ಕಳುಹಿಸುತ್ತಿದ್ದ ಇ-ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಐದು ಬಗೆಯ ವ್ಯವಸ್ಥೆಗಳಿದ್ದೂ ಒಂದೂ ಕೈಗೆ ಬರಲಿಲ್ಲ. ಆರು ಗಂಟೆ ಮೊದಲು ಇನ್ನಾವುದೋ ಕೆಲಸಕ್ಕೆಂದು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ನಕಲು ಅವರನ್ನು ಉಳಿಸಿತು. ಆ ಆರು ಗಂಟೆಯ ನಮೂದುಗಳು ಮಾತ್ರ ಹೋಗಿಯೇ ಹೋದವು. ಇದೆಲ್ಲವನ್ನೂ ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು, ಅದನ್ನು ಮೆಚ್ಚಲೇಬೇಕು.

ದೊಡ್ಡ ಸಂಸ್ಥೆಯ ಕ್ಲೌಡಿನಲ್ಲಿ ಇಟ್ಟರೆ ಈ ಚಿಂತೆ ಇಲ್ಲವಲ್ಲ ಎಂದು ಕೇಳುವವರಿಗೆ 2024ರ ಮೇ ತಿಂಗಳ ಘಟನೆ ಹೇಳಬೇಕು. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಸದಸ್ಯರು. ಗೂಗಲ್ ಕ್ಲೌಡಿನಲ್ಲಿದ್ದ ಅದರ ಖಾಸಗಿ ವ್ಯವಸ್ಥೆ, ಹೊಂದಿಸುವಾಗ ಆದ ಒಂದು ತಪ್ಪಿನಿಂದ, ಇಡಿಯಾಗಿ ಅಳಿದುಹೋಯಿತು. ಎರಡು ಕಡೆ ಇಟ್ಟಿದ್ದ ಪ್ರತಿಗಳೂ ಜೊತೆಗೇ ಹೋದವು, ಏಕೆಂದರೆ ಎರಡೂ ಒಂದೇ ಖಾತೆಗೆ ಸೇರಿದ್ದವು. ನಿಧಿಯವರು ಇನ್ನೊಂದು ಸಂಸ್ಥೆಯ ಬಳಿ ಬೇರೆಯಾಗಿ ಬ್ಯಾಕಪ್ ಇಟ್ಟಿದ್ದರು. ಅದರಿಂದ ಮರಳಿ ಕಟ್ಟಲು ಒಂದು ವಾರಕ್ಕೂ ಹೆಚ್ಚು ಹಿಡಿಯಿತು. ಆದರೆ ಕಟ್ಟಿದರು.

ಒಂದೇ ಗಳಿಗೆಯ ಚಿತ್ರ

ಒಂದೇ ಯಂತ್ರವಿದ್ದರೆ ಬ್ಯಾಕಪ್ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ನಾಲ್ಕು ಯಂತ್ರಗಳಿದ್ದಾಗ ಒಂದು ಸೂಕ್ಷ್ಮ ತೊಡಕು ಬರುತ್ತದೆ. ದಯವಿಟ್ಟು ಸ್ವಲ್ಪ ನಿಧಾನವಾಗಿ ಓದಿ.

ನಮ್ಮ ಸಹಕಾರಿ ಬ್ಯಾಂಕಿನಲ್ಲಿ ಬೆಳಿಗ್ಗೆ 10 ಗಂಟೆಗೆ ಯಲಬುರ್ಗಾದ ಯಂತ್ರದ ಬ್ಯಾಕಪ್ ತೆಗೆದರು. 10 ಗಂಟೆ 2 ನಿಮಿಷಕ್ಕೆ ಯಲಬುರ್ಗಾದ ಖಾತೆಯೊಂದರಿಂದ ಗಂಗಾವತಿಯ ಖಾತೆಗೆ 40,000 ರೂಪಾಯಿ ವರ್ಗವಾಯಿತು. 10 ಗಂಟೆ 5 ನಿಮಿಷಕ್ಕೆ ಗಂಗಾವತಿಯ ಬ್ಯಾಕಪ್ ತೆಗೆದರು. ಎರಡು ಬ್ಯಾಕಪ್‌ಗಳೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇವೆ. ಆದರೆ ನಾಳೆ ಇವೆರಡನ್ನೂ ಮರಳಿ ತುಂಬಿದರೆ ಆ 40,000 ಯಲಬುರ್ಗಾದಲ್ಲೂ ಇರುತ್ತದೆ, ಗಂಗಾವತಿಯಲ್ಲೂ ಇರುತ್ತದೆ. ಬ್ಯಾಕಪ್ ತೆಗೆದ ಕ್ರಮ ಹಿಂದುಮುಂದಾಗಿದ್ದರೆ ಹಣ ಎರಡೂ ಕಡೆ ಇರುವುದಿಲ್ಲ. ಹಣದ ಬದಲು ಹೊಲ ಎಂದಿಟ್ಟುಕೊಳ್ಳಿ. ಉಪನೋಂದಣಿ ಕಚೇರಿಯ ಲೆಕ್ಕ ಸೋಮವಾರದ್ದು, ಪಹಣಿಯ ಲೆಕ್ಕ ಭಾನುವಾರದ್ದು ಎಂದಾದರೆ, ಕ್ರಯವಾದ ಹೊಲ ಮಾರಿದವನ ಹೆಸರಿನಲ್ಲೇ ನಿಂತಿರುತ್ತದೆ. ಅದರ ಮೇಲೆ ಅವನು ಮತ್ತೊಂದು ಸಾಲ ಎತ್ತಬಹುದು. ನ್ಯಾಯಾಲಯದ ಮೆಟ್ಟಿಲು ಹತ್ತಲು ಇಷ್ಟು ಸಾಕು.

ಎಲ್ಲ ಯಂತ್ರಗಳನ್ನೂ ನಿಲ್ಲಿಸಿ, ನಿಶ್ಚಲವಾಗಿಟ್ಟು ಬ್ಯಾಕಪ್ ತೆಗೆಯಬಹುದು. ಹಿಂದೆ ಸಂಜೆ ಕಚೇರಿ ಮುಚ್ಚಿದ ಮೇಲೆ ಹಾಗೆಯೇ ಮಾಡುತ್ತಿದ್ದರು. ಹಗಲಿರುಳೂ ನಡೆಯುವ ವ್ಯವಸ್ಥೆಗೆ ಅದು ಆಗದು. ನಡೆಯುತ್ತಿರುವಾಗಲೇ ಇಡೀ ಗುಂಪಿನ ಒಂದು ಸುಸಂಗತ ಚಿತ್ರ ತೆಗೆಯುವುದು ಹೇಗೆ? 1985ರಲ್ಲಿ ಇದಕ್ಕೊಂದು ಉತ್ತರ ಕೊಟ್ಟವರು ಇಬ್ಬರು: ಲೆಸ್ಲಿ ಲ್ಯಾಂಪೋರ್ಟ್, ಮತ್ತು ಮದ್ರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಕೆ. ಮಣಿ ಚಾಂಡಿ. ಆಕಾಶದ ತುಂಬ ವಲಸೆ ಹಕ್ಕಿಗಳು ಹಾರುತ್ತಿವೆ. ಒಂದೇ ಫೋಟೋದಲ್ಲಿ ಹಿಡಿಸುವುದಿಲ್ಲ. ಹಲವರು ಹಲವು ಫೋಟೋ ತೆಗೆದು ಜೋಡಿಸಬೇಕು, ಹಕ್ಕಿಗಳು ನಿಲ್ಲುವುದಿಲ್ಲ, ಆದರೂ ಜೋಡಿಸಿದ ಚಿತ್ರಕ್ಕೆ ಅರ್ಥವಿರಬೇಕು ಎಂದು ಅವರು ಸಮಸ್ಯೆಯನ್ನು ವಿವರಿಸಿದ್ದರು.

ಉಪಾಯ ಸರಳವಾಗಿದೆ. ಒಂದು ಯಂತ್ರ ತನ್ನ ಲೆಕ್ಕವನ್ನು ಬರೆದಿಟ್ಟುಕೊಂಡು, ಎಲ್ಲ ತಂತಿಗಳಲ್ಲೂ ಒಂದು ಗುರುತಿನ ಚೀಟಿ ಕಳುಹಿಸುತ್ತದೆ. ಚೀಟಿಯನ್ನು ಮೊದಲ ಬಾರಿ ಕಂಡ ಯಂತ್ರ ತಕ್ಷಣ ತನ್ನ ಲೆಕ್ಕ ಬರೆದಿಟ್ಟು, ತಾನೂ ಚೀಟಿ ಕಳುಹಿಸುತ್ತದೆ. ಒಂದು ಯಂತ್ರ ಲೆಕ್ಕ ಬರೆದಿಟ್ಟ ಮೇಲೆ, ಒಂದು ತಂತಿಯಲ್ಲಿ ಚೀಟಿ ಬರುವ ಮೊದಲು ತಲುಪಿದ ಹಣವನ್ನು 'ದಾರಿಯಲ್ಲಿದ್ದ ಹಣ' ಎಂದು ಪ್ರತ್ಯೇಕವಾಗಿ ನಮೂದಿಸಿಕೊಳ್ಳುತ್ತದೆ. ಎಲ್ಲವನ್ನೂ ಕೂಡಿಸಿದರೆ ಒಟ್ಟು ಮೊತ್ತ ಕಾಸೂ ತಪ್ಪದೆ ಸಿಗುತ್ತದೆ.

ಇಂದಿನ ಎಷ್ಟೋ ಡೇಟಾಬೇಸ್‌ಗಳು ಇನ್ನೊಂದು ದಾರಿ ಹಿಡಿದಿವೆ. ಹಳೆಯ ನಮೂದನ್ನು ಕೂಡಲೇ ಅಳಿಸದೆ, ಪ್ರತಿ ನಮೂದಿಗೂ ಗಳಿಗೆಯ ಮುದ್ರೆ ಒತ್ತಿ ಕೆಲಕಾಲ ಉಳಿಸಿಕೊಳ್ಳುತ್ತವೆ. ಆಗ ಎಲ್ಲ ಯಂತ್ರಗಳಿಗೂ "10 ಗಂಟೆಗೆ ಸರಿಯಾಗಿ ಹೇಗಿತ್ತೋ ಹಾಗೆ ಕೊಡಿ" ಎಂದು ಕೇಳಿದರೆ ಸಾಕು. ಆದರೆ ನಾಲ್ಕು ಗಡಿಯಾರಗಳೂ ಒಂದೇ ಸಮಯ ತೋರಿಸಬೇಕಲ್ಲ! ಗೂಗಲ್ ಸಂಸ್ಥೆ ತನ್ನ ಸ್ಪ್ಯಾನರ್ ಎಂಬ ವ್ಯವಸ್ಥೆಗೆ ಪರಮಾಣು ಗಡಿಯಾರಗಳನ್ನೂ ಉಪಗ್ರಹದ ಸಮಯವನ್ನೂ ಬಳಸಿದ್ದನ್ನು 2012ರಲ್ಲಿ ಪ್ರಕಟಿಸಿತು.

ಎಲ್ಲ ವ್ಯವಸ್ಥೆಗಳೂ ಇಷ್ಟು ಕಟ್ಟುನಿಟ್ಟಲ್ಲ. ಫೇಸ್‌ಬುಕ್ ಸಂಸ್ಥೆ 2008ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕಸಾಂಡ್ರಾ ಎಂಬ ಡೇಟಾಬೇಸಿನಲ್ಲಿ ಪ್ರತಿ ಯಂತ್ರವೂ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತದೆ. ಆ ಚಿತ್ರ ಅದೇ ಡಿಸ್ಕಿನಲ್ಲಿ ಇರುವ ಹಳೆಯ ಕಡತಗಳಿಗೆ ಇಟ್ಟ ಎರಡನೆಯ ಹೆಸರು ಅಷ್ಟೇ. ಅದನ್ನು ಬೇರೆಡೆಗೆ ಸಾಗಿಸದಿದ್ದರೆ, ಡಿಸ್ಕಿನೊಂದಿಗೆ ಬ್ಯಾಕಪ್ ಕೂಡ ಹೋಗುತ್ತದೆ. ಇನ್ನೊಂದು ಅಪಾಯವೂ ಅದರಲ್ಲಿದೆ. ಯಾವುದಾದರೂ ನಮೂದನ್ನು ಅಳಿಸಿದಾಗ ಅದು 'ಅಳಿಸಿದೆ' ಎಂಬ ಗುರುತನ್ನು ಇಟ್ಟುಕೊಂಡಿರುತ್ತದೆ. ಬೇರೆ ಹೇಳದಿದ್ದರೆ ಆ ಗುರುತಿಗೆ ಹತ್ತು ದಿನಗಳ ಆಯುಸ್ಸು. ಹತ್ತು ದಿನಕ್ಕಿಂತ ಹಳೆಯ ಬ್ಯಾಕಪ್ ಅನ್ನು ಒಂದೇ ಒಂದು ಯಂತ್ರಕ್ಕೆ ತುಂಬಿದರೆ, ಅಳಿಸಿದ ನಮೂದುಗಳು ಎದ್ದು ಬಂದು ಉಳಿದ ಯಂತ್ರಗಳಿಗೂ ಹರಡಬಹುದು. ಸಾಲ ತೀರಿಸಿ ಬೋಜಾ ಕಡಿಮೆ ಮಾಡಿಸಿಕೊಂಡ ರೈತನ ಲೆಕ್ಕದಲ್ಲಿ ಬೋಜಾ ಮತ್ತೆ ಕುಳಿತರೆ ಅವನು ಯಾರಿಗೆ ಹೇಳಬೇಕು?

ಎಲ್ಲಿ ಇಡಬೇಕು, ಎಷ್ಟು ಬಾರಿ?

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಎಂಬ ಕ್ಲೌಡ್ ಸಂಸ್ಥೆಯ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಕೆಲವು ಗಿರಾಕಿಗಳ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಭಂಡಾರಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ಗಾತ್ರ ಬಹಳ ದೊಡ್ಡದು ಎಂಬುದೇ ಕಾರಣವಾಗಿತ್ತು. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶಕ್ಕೇ ಈ ಗತಿಯಾಯಿತು.

ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕರು ಹೇಳಿದ ಸೂತ್ರ ಇಂದಿಗೂ ಚಲಾವಣೆಯಲ್ಲಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಕ್ಲೌಡಿನ ಕಾಲಕ್ಕೆ ಇದಕ್ಕೆ ಒಂದೆರಡು ಮಾತು ಸೇರಿಸಬೇಕು. ಬ್ಯಾಕಪ್ ಬೇರೆ ಖಾತೆಯಲ್ಲಿ, ಬೇರೆ ಬೀಗದಲ್ಲಿ ಇರಲಿ. ಡೇಟಾಬೇಸನ್ನು ಅಳಿಸಬಲ್ಲ ವ್ಯಕ್ತಿಗೆ ಬ್ಯಾಕಪ್ ಅಳಿಸುವ ಅಧಿಕಾರ ಬೇಡ. ಇಂತಿಷ್ಟು ದಿನ ಯಾರೂ, ಮಾಲೀಕರೂ ಸಹ, ಅಳಿಸಲಾಗದಂತೆ ಬೀಗ ಹಾಕುವ ಸೌಲಭ್ಯ ಕ್ಲೌಡಿನಲ್ಲಿದೆ. ಸುಲಿಗೆಗಾಗಿ ದತ್ತಾಂಶವನ್ನು ಒತ್ತೆಯಿಡುವ ಕಳ್ಳರಿಗೆ ಅದು ಒಳ್ಳೆಯ ತಡೆ. ಬ್ಯಾಕಪ್ ಅನ್ನು ಗುಪ್ತಲಿಪಿಯಲ್ಲಿ ಇಟ್ಟಿದ್ದರೆ ಅದರ ಕೀಲಿಯನ್ನು ಅದೇ ಪೆಟ್ಟಿಗೆಯಲ್ಲಿ ಇಡಬೇಡಿ. ಕೀಲಿ ಕಳೆದರೆ ಬ್ಯಾಕಪ್ ಇದ್ದೂ ಇಲ್ಲ.

ಎಷ್ಟು ಬಾರಿ ಎಂಬುದಕ್ಕೆ ರೂಢಿ ಹೀಗಿದೆ: ವಾರಕ್ಕೊಮ್ಮೆ ಪೂರ್ತಿ ಪ್ರತಿ, ದಿನಕ್ಕೊಮ್ಮೆ ಬದಲಾದದ್ದು ಮಾತ್ರ, ಇವುಗಳ ನಡುವೆ ಪ್ರತಿ ನಮೂದನ್ನೂ ಬರೆಯುವ ದಿನವಹಿಯನ್ನು ಕೆಲವು ನಿಮಿಷಗಳಿಗೊಮ್ಮೆ ಹೊರಗೆ ಸಾಗಿಸುವುದು. ದಿನವಹಿ ಇದ್ದರೆ ಅಪಘಾತಕ್ಕೆ ಒಂದು ನಿಮಿಷ ಹಿಂದಿನ ಸ್ಥಿತಿಗೆ ಮರಳಬಹುದು. ನಿಮ್ಮ ಸಂಸ್ಥೆಗೆ ಯಾವುದು ಬೇಕೆಂದು ತಿಳಿಯಲು ಎರಡೇ ಪ್ರಶ್ನೆ ಸಾಕು. ಎಷ್ಟು ಹೊತ್ತಿನ ನಮೂದು ಕಳೆದುಕೊಂಡರೆ ತಡೆದುಕೊಳ್ಳಬಲ್ಲಿರಿ? ಎಷ್ಟು ಹೊತ್ತು ಬಾಗಿಲು ಮುಚ್ಚಿದರೆ ತಡೆದುಕೊಳ್ಳಬಲ್ಲಿರಿ?

ಎರಡನೆಯ ಪ್ರಶ್ನೆಯನ್ನು ಲೆಕ್ಕ ಹಾಕದೆ ಬಿಡುವವರೇ ಹೆಚ್ಚು. ಎರಡು ಟೆರಾಬೈಟ್ ಬ್ಯಾಕಪ್ ಹೈದರಾಬಾದಿನಲ್ಲಿದೆ, ನಿಮ್ಮ ಸಂಪರ್ಕ ಸೆಕೆಂಡಿಗೆ 100 ಮೆಗಾಬಿಟ್ ಎನ್ನಿ. ಬರೀ ತರಿಸಿಕೊಳ್ಳಲು 44 ಗಂಟೆ, ಅಂದರೆ ಎರಡು ದಿನಕ್ಕೆ ಸ್ವಲ್ಪ ಕಡಿಮೆ. ಹತ್ತು ಪಟ್ಟು ವೇಗದ ಸಂಪರ್ಕವಿದ್ದರೆ ನಾಲ್ಕೂವರೆ ಗಂಟೆ. ಆದ್ದರಿಂದಲೇ ಬ್ಯಾಕಪ್ ಇರುವ ಕ್ಲೌಡಿನಲ್ಲಿಯೇ ಹೊಸ ಯಂತ್ರಗಳನ್ನು ಬಾಡಿಗೆಗೆ ಹಿಡಿದು ಅಲ್ಲೇ ತುಂಬುವುದು ಜಾಣತನ.

ಮರಳಿ ತರುವುದು

ಹಲವು ವರ್ಷಗಳ ಹಿಂದೆ ನಾನು ಕಂಡ ಒಂದು ಕಚೇರಿಯಲ್ಲಿ ಪ್ರತಿ ಸಂಜೆ ತಪ್ಪದೆ ಬ್ಯಾಕಪ್ ಟೇಪು ಬದಲಿಸುತ್ತಿದ್ದರು. ಹಸಿರು ದೀಪ ಮಿನುಗುತ್ತಿತ್ತು. ಟೇಪಿನ ಮೇಲೆ ಅಂದವಾದ ಅಕ್ಷರದಲ್ಲಿ ತಾರೀಖು. ಬೀರುವಿನಲ್ಲಿ ಸಾಲಾಗಿ ಜೋಡಿಸಿದ್ದನ್ನು ನೋಡಿದರೆ ಕಣ್ಣಿಗೆ ಹಬ್ಬ. ಒಂದು ದಿನ ಡಿಸ್ಕು ಕೆಟ್ಟಿತು. ಟೇಪು ಹಾಕಿದರು, ಖಾಲಿ. ಹಿಂದಿನ ದಿನದ್ದು, ಖಾಲಿ. ಯಂತ್ರವನ್ನು ಹೊಸದಾಗಿ ಹೊಂದಿಸಿದ ದಿನದಿಂದ ಏನೂ ಬರೆಯುತ್ತಿರಲಿಲ್ಲ. ಟೇಪು ಬದಲಿಸುತ್ತಿದ್ದ ಗುಮಾಸ್ತರ ತಪ್ಪೇನೂ ಇರಲಿಲ್ಲ. ಮರಳಿ ಓದಿ ನೋಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ, ಮರಳಿ ತುಂಬಿ ನೋಡದ ಬ್ಯಾಕಪ್ ಅನ್ನು ನಾನು ಬ್ಯಾಕಪ್ ಎಂದು ಕರೆಯುವುದನ್ನೇ ಬಿಟ್ಟಿದ್ದೇನೆ.

ಮರಳಿ ತುಂಬುವಾಗ ಮೊದಲ ನಿಯಮವೆಂದರೆ ಕೆಟ್ಟ ವ್ಯವಸ್ಥೆಯ ಮೇಲೆಯೇ ತುಂಬಬಾರದು. ಗಾಬರಿಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಬ್ಯಾಕಪ್ ಸರಿಯಿಲ್ಲ ಎಂದು ಆಮೇಲೆ ತಿಳಿದರೆ ಉಳಿದಿದ್ದ ಅರೆಬರೆಯೂ ಹೋಗಿರುತ್ತದೆ. ಬೇರೆ ಯಂತ್ರಗಳ ಹೊಸ ಗುಂಪು ಕಟ್ಟಿ ಅದರಲ್ಲಿ ತುಂಬಬೇಕು. ಪೂರ್ತಿ ಪ್ರತಿ ಮೊದಲು, ಅದರ ಮೇಲೆ ದಿನದಿನದ ಬದಲಾವಣೆ, ಕೊನೆಗೆ ದಿನವಹಿ. ದಿನವಹಿಯನ್ನು ತಪ್ಪು ನಡೆದ ಗಳಿಗೆಯ ಮುಂಚೆ ನಿಲ್ಲಿಸಬೇಕು. ಅಜಾಗರೂಕತೆಯಿಂದ ಕೊನೆಯವರೆಗೂ ಓಡಿಸಿದರೆ ಅಳಿಸುವ ಆಜ್ಞೆಯೂ ಮತ್ತೊಮ್ಮೆ ನಡೆದು, ಎಲ್ಲ ಮತ್ತೆ ಅಳಿಸಿ ಹೋಗುತ್ತದೆ.

ಗುಂಪಿನ ನಕ್ಷೆಯೂ ಬ್ಯಾಕಪ್‌ನಲ್ಲಿ ಇರಬೇಕು ಎಂಬುದನ್ನು ನಮ್ಮ ಜಿಲ್ಲೆಯ ಉದಾಹರಣೆಯಿಂದಲೇ ತಿಳಿಯಬಹುದು. 2018ರ ಹೊತ್ತಿಗೆ ಗಂಗಾವತಿಯಿಂದ ಕಾರಟಗಿ, ಕನಕಗಿರಿ ಬೇರೆಯಾದವು, ಯಲಬುರ್ಗಾದಿಂದ ಕುಕನೂರು. ನಾಲ್ಕಿದ್ದ ತಾಲ್ಲೂಕು ಏಳಾದವು. ಡೇಟಾಬೇಸಿನ ತುಂಡುಗಳೂ ಹೀಗೆಯೇ ಬೆಳೆದಾಗ ಒಡೆದು ಎರಡಾಗುತ್ತವೆ. ಒಡೆಯುವ ಮೊದಲು ತೆಗೆದ ಬ್ಯಾಕಪ್‌ನಲ್ಲಿ ಕಾರಟಗಿಯ ಖಾತೆಗಳು ಗಂಗಾವತಿಯ ತುಂಡಿನಲ್ಲಿರುತ್ತವೆ. ಹೊಸ ನಕ್ಷೆ ಹಿಡಿದು ಹುಡುಕಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ. ದತ್ತಾಂಶ ಇದೆ, ವಿಳಾಸ ಇಲ್ಲ. ಯಾವ ತುಂಡು ಎಲ್ಲಿತ್ತು, ಯಾರಿಗೆ ಏನು ಅಧಿಕಾರ ಇತ್ತು, ತಂತ್ರಾಂಶ ಯಾವ ಆವೃತ್ತಿಯದು, ಇವೆಲ್ಲವನ್ನೂ ದತ್ತಾಂಶದ ಜೊತೆಗೆ ಇಡಬೇಕು. ಆರು ಯಂತ್ರಗಳಿಂದ ತೆಗೆದದ್ದನ್ನು ನಾಲ್ಕಕ್ಕೆ ತುಂಬಬೇಕಾದರೆ ಕಡತಗಳನ್ನು ಹಾಗೆಯೇ ಇಳಿಸಿದರೆ ಸಾಲದು. ನಮೂದುಗಳನ್ನು ಓದಿ ಹೊಸದಾಗಿ ಹಂಚಬೇಕು. ಅದಕ್ಕೆ ಹೆಚ್ಚು ಹೊತ್ತು ಬೇಕು.

ತುಂಬಿದ ಮೇಲೆ ಪರೀಕ್ಷೆ. ತಾಲ್ಲೂಕುವಾರು ಖಾತೆಗಳ ಸಂಖ್ಯೆ ತಾಳೆಯಾಗುತ್ತದೆಯೇ? ಒಟ್ಟು ಜಮೆ, ಒಟ್ಟು ಖರ್ಚು? ಕಣ್ಣು ಮುಚ್ಚಿ ಆರಿಸಿದ ಹತ್ತು ಖಾತೆಗಳನ್ನು ಕಾಗದದ ರಸೀದಿಯೊಂದಿಗೆ ಹೋಲಿಸಿದರೆ? ಎಲ್ಲ ಸರಿಯಿದ್ದರೆ ಗಿರಾಕಿಗಳನ್ನು ಹೊಸ ಗುಂಪಿನತ್ತ ತಿರುಗಿಸುವುದು. ಇದನ್ನೇ, ಯಾವ ಅಪಘಾತವೂ ಇಲ್ಲದಾಗ, ಮೂರು ತಿಂಗಳಿಗೊಮ್ಮೆ ಗಡಿಯಾರ ಹಿಡಿದು ಮಾಡಿ ನೋಡಬೇಕು. ಖರ್ಚು ಇದೆ, ನಿಜ. ಆದರೆ ಕ್ಲೌಡಿನಲ್ಲಿ ಯಂತ್ರಗಳನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು ಬಿಟ್ಟುಬಿಡಬಹುದು. ಹೊಸ ಯಂತ್ರ ಕೊಳ್ಳಬೇಕಾಗಿದ್ದ ಕಾಲದ ನೆಪ ಈಗ ನಡೆಯುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಮುನಿರಾಬಾದಿನ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ಈ ಭಾಗದವರಿಗೆ ಮರೆತಿರಲಾರದು. ಆ ತೆರಪಿಗೆ ಇಳಿಸಬೇಕಾದ ಬದಲಿ ಕಬ್ಬಿಣದ ಹಲಗೆಗಳನ್ನು ಗೇಟು ಹೋದ ಮೇಲೆ ಮಾಡಿಸಬೇಕಾಯಿತು. ಹರಿಯುವ ನೀರಿನಲ್ಲಿಯೇ ಅವನ್ನು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದ ತಜ್ಞರ, ಕೆಲಸಗಾರರ ಸಾಹಸ ದೊಡ್ಡದು. ಎರಡೂ ದಂಡೆಯ ರೈತರು ಆ ಒಂದು ವಾರ ಹೇಗೆ ಕಳೆದರು ಎಂಬುದನ್ನು ಅವರನ್ನೇ ಕೇಳಬೇಕು.

ನೀವು ಮಾಡಬಹುದಾದದ್ದು

ರಾಜ್ಯದ ದತ್ತಾಂಶ ಕೇಂದ್ರವನ್ನು ಕಾಯುವುದು ನಮ್ಮ ನಿಮ್ಮ ಕೈಯಲ್ಲಿಲ್ಲ. ಆದರೆ ನಿಮ್ಮ ಹಳ್ಳಿಯ ಸಹಕಾರ ಸಂಘದಲ್ಲಿ, ಶಾಲೆಯಲ್ಲಿ, ಅಂಗಡಿಯಲ್ಲಿ ಲೆಕ್ಕದ ತಂತ್ರಾಂಶ ಇದ್ದರೆ, ಅದನ್ನು ಒದಗಿಸಿದವರನ್ನು ಕೇಳಬಹುದು. "ಬ್ಯಾಕಪ್ ಇದೆಯೇ?" ಎಂದು ಕೇಳಬೇಡಿ, "ಇದೆ" ಎಂಬ ಉತ್ತರ ಖಂಡಿತ ಸಿಗುತ್ತದೆ. "ಕಳೆದ ಬಾರಿ ಮರಳಿ ತುಂಬಿ ನೋಡಿದ್ದು ಯಾವ ದಿನ? ಎಷ್ಟು ಹೊತ್ತು ಹಿಡಿಯಿತು? ಅದು ಯಾವ ಊರಿನಲ್ಲಿದೆ? ಅದನ್ನು ಅಳಿಸುವ ಅಧಿಕಾರ ಯಾರಿಗಿದೆ?" ಎಂದು ಕೇಳಿ. ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ನಿಮ್ಮ ಹೊಲದ ಮಟ್ಟಿಗೆ, ವರ್ಷಕ್ಕೊಮ್ಮೆಯಾದರೂ ಹೊಸ ಪಹಣಿ ತೆಗೆಸಿ ಹಳೆಯದರೊಂದಿಗೆ ಹೋಲಿಸಿ ನೋಡಿ. ಹೆಸರು, ವಿಸ್ತೀರ್ಣ, ಬೋಜಾ ಮೂರೂ ಸರಿಯಿವೆಯೇ? ಕ್ರಯಪತ್ರ, ಖಾತೆ ಬದಲಾವಣೆಯ ನಕಲು, ಸಾಲ ತೀರಿದ ಪತ್ರಗಳನ್ನು ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇಡಿ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಗಣಕಯಂತ್ರಕ್ಕೆ ಏರಿಸುವ 'ಭೂ ಸುರಕ್ಷಾ' ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಜಿಲ್ಲೆಗೊಂದು ತಾಲ್ಲೂಕಿನಂತೆ ಆರಂಭಿಸಿತು. ಹೈದರಾಬಾದ್ ಸಂಸ್ಥಾನದ ಕಾಲದ ಕಾಗದಗಳು ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ, ಮಡಿಕೆ ಬಿಡಿಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಲು ಇದೇ ಸಮಯ; ಮಡಿಕೆಯ ಗೆರೆಯ ಮೇಲಿನ ಅಕ್ಷರಗಳೇ ಮೊದಲು ಹೋಗುವುದು.